ಹಿಡಿದಿಟ್ಟವರು ಯಾರು? ಮೆಮೊರಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಮೆಮೊರಿಯನ್ನು ಭಾಷೆಯೇ ನೋಡಿಕೊಳ್ಳುತ್ತದೆ ಎಂದ ಮೇಲೂ ಅದು ತುಂಬುವುದೇಕೆ, ಪ್ರೋಗ್ರಾಮ್ ತಡವರಿಸುವುದೇಕೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಮುಂದೆ ಕಲೆಕ್ಟರ್ ಎಂದರೆ ಯಾರೂ ಹಿಡಿಯದ ಮೆಮೊರಿಯನ್ನು ತಾನಾಗಿ ಬಿಡಿಸುವ ಗಾರ್ಬೇಜ್ ಕಲೆಕ್ಟರ್, ಜಿಸಿ ಎಂದರೆ ಅದರ ಕೆಲಸ; ಹೀಪ್ ಎಂದರೆ ಆಬ್ಜೆಕ್ಟ್‌ಗಳು ಇರುವ ಮೆಮೊರಿ, ರೆಫರೆನ್ಸ್ ಎಂದರೆ ಆಬ್ಜೆಕ್ಟ್ ಕಡೆಗಿನ ಕೊಂಡಿ, ಲೀಕ್ ಎಂದರೆ ಬೇಡವಾದರೂ ಬಿಡುಗಡೆಯಾಗದ ಮೆಮೊರಿ.

ಪ್ರಶ್ನೆ: ನಮ್ಮದು ಜಾವಾ ಸರ್ವರ್. ಶುರುವಿನಲ್ಲಿ ಚೆನ್ನಾಗಿರುತ್ತದೆ, ಮೂರ್ನಾಲ್ಕು ದಿನದಲ್ಲಿ ಔಟ್ ಆಫ್ ಮೆಮೊರಿ ಎರರ್ ಬಂದು ಬೀಳುತ್ತದೆ. ಗಾರ್ಬೇಜ್ ಕಲೆಕ್ಟರ್ ಇರುವುದರಿಂದ ಜಾವಾದಲ್ಲಿ ಲೀಕ್ ಆಗುವುದೇ ಇಲ್ಲ ಎಂದು ಓದಿದ್ದೆ. ಹಾಗಾದರೆ ಇದೇನು?

ಲೀಕೇ. ನೀವು ಓದಿದ್ದು ಅರ್ಧ ಸತ್ಯ. ಸಿ ಭಾಷೆಯಲ್ಲಿ ಆಗುವಂತೆ ವಿಳಾಸವೇ ಕಳೆದುಹೋಗಿ ಯಾರ ಕೈಗೂ ಸಿಗದ ಮೆಮೊರಿ ಜಾವಾ ಹೀಪ್‌ನಲ್ಲಿ ಉಳಿಯುವುದಿಲ್ಲ, ಅಷ್ಟೇ. ನಿಮಗೆ ಏನು ಬೇಕು, ಏನು ಬೇಡ ಎಂಬುದು ಕಲೆಕ್ಟರ್‌ಗೆ ತಿಳಿಯದು. ಬೇರುಗಳಿಂದ ಹೊರಟರೆ ಈ ಆಬ್ಜೆಕ್ಟನ್ನು ಮುಟ್ಟಬಹುದೇ ಎಂಬುದನ್ನು ಮಾತ್ರ ಅದು ನೋಡುತ್ತದೆ. ಬೇರು ಎಂದರೆ ಓಡುತ್ತಿರುವ ಥ್ರೆಡ್‌ಗಳ ಸ್ಟ್ಯಾಕ್‌ನಲ್ಲಿರುವ ಲೋಕಲ್ ವೇರಿಯಬಲ್‌ಗಳು, ಸ್ಟ್ಯಾಟಿಕ್ ಫೀಲ್ಡ್‌ಗಳು, ನೇಟಿವ್ ಕೋಡ್ ಹಿಡಿದಿರುವ ರೆಫರೆನ್ಸ್‌ಗಳು ಇತ್ಯಾದಿ. ಅಲ್ಲಿಂದ ಕೊಂಡಿ ಹಿಡಿದು ಹೋದಾಗ ಸಿಕ್ಕಿದ್ದೆಲ್ಲ ಉಳಿಯುತ್ತದೆ, ಸಿಗದ್ದು ಹೋಗುತ್ತದೆ. ನಿಮ್ಮ ಸರ್ವರ್‌ನಲ್ಲಿ ಬೇಡವಾದ ಆಬ್ಜೆಕ್ಟ್‌ಗಳನ್ನು ಯಾರೋ ಇನ್ನೂ ಹಿಡಿದುಕೊಂಡಿದ್ದಾರೆ. ಅವರನ್ನು ಹುಡುಕಬೇಕು.

ಮೊದಲು ಅನುಮಾನಿಸಬೇಕಾದ್ದು ಸ್ಟ್ಯಾಟಿಕ್ ಮ್ಯಾಪ್. "ಕ್ಯಾಶ್" ಎಂದು ಹೆಸರಿಟ್ಟು, ಹಾಕುವ ಕೋಡ್ ಬರೆದು, ತೆಗೆಯುವ ಕೋಡ್ ಬರೆಯದೆ ಬಿಟ್ಟ ಹ್ಯಾಶ್‌ಮ್ಯಾಪ್ ಇಲ್ಲದ ಹಳೆಯ ಪ್ರಾಜೆಕ್ಟ್ ಅಪರೂಪ. ಇನ್ನೊಂದು, ಕೀ ಆಗಿ ಬಳಸುವ ಕ್ಲಾಸ್‌ನಲ್ಲಿ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಬರೆಯದಿರುವುದು. ಆಗ ಒಂದೇ ಬೆಲೆಯ ಎರಡು ಕೀಗಳು ಬೇರೆ ಬೇರೆ ಎನಿಸಿ, ಪ್ರತಿ ಸಲವೂ ಹೊಸ ಎಂಟ್ರಿ ಸೇರುತ್ತದೆ. ಕೀಯನ್ನು ಮ್ಯಾಪ್‌ಗೆ ಹಾಕಿದ ಮೇಲೆ ಅದರ ಫೀಲ್ಡ್ ಬದಲಾಯಿಸಿದರೂ ಇದೇ ಗತಿ: ಹ್ಯಾಶ್ ಬದಲಾಗಿ ರಿಮೂವ್ ಕರೆದಾಗ ಎಂಟ್ರಿ ಸಿಗುವುದಿಲ್ಲ, ಮ್ಯಾಪ್ ಒಳಗೆ ಅದು ಹಾಗೇ ಕೂತಿರುತ್ತದೆ. ಮೂರನೆಯದು ಥ್ರೆಡ್‌ಲೋಕಲ್, ಅಂದರೆ ಪ್ರತಿ ಥ್ರೆಡ್‌ಗೂ ಬೇರೆಯಾಗಿ ಇಡುವ ವೇರಿಯಬಲ್. ಥ್ರೆಡ್ ಪೂಲ್‌ನ ಥ್ರೆಡ್‌ಗಳು ಸಾಯುವುದಿಲ್ಲ. ಹಾಗಾಗಿ ಒಂದು ರಿಕ್ವೆಸ್ಟ್‌ಗೆಂದು ಇಟ್ಟದ್ದು ಸರ್ವರ್ ನಿಲ್ಲುವವರೆಗೂ ಉಳಿಯಬಹುದು. ಫೈನಲಿ ಬ್ಲಾಕ್‌ನಲ್ಲಿ ರಿಮೂವ್ ಕರೆಯಿರಿ. "ಎಲ್ಲದಕ್ಕೂ ವೀಕ್‌ಹ್ಯಾಶ್‌ಮ್ಯಾಪ್ ಹಾಕಿಬಿಡೋಣ" ಎಂದು ಹೊರಡುವವರಿಗೆ ಒಂದು ಮಾತು: ಅದರಲ್ಲಿ ಕೀ ಮಾತ್ರ ವೀಕ್ (ಕಲೆಕ್ಟರ್ ಲೆಕ್ಕಕ್ಕೆ ಹಿಡಿಯದ ರೆಫರೆನ್ಸ್), ವ್ಯಾಲ್ಯೂ ಅಲ್ಲ. ವ್ಯಾಲ್ಯೂ ಒಳಗಿಂದ ಕೀಗೆ ಒಂದು ರೆಫರೆನ್ಸ್ ಇದ್ದರೂ ಆ ಎಂಟ್ರಿ ಎಂದಿಗೂ ಹೋಗುವುದಿಲ್ಲ.

ಇನ್ನು ಹುಡುಕುವ ಕ್ರಮ. -ಎಕ್ಸ್‌ಲಾಗ್:ಜಿಸಿ ಆಯ್ಕೆ ಕೊಟ್ಟು ಸರ್ವರ್ ಓಡಿಸಿ (ಜಾವಾ 9 ಮತ್ತು ಮುಂದಿನವುಗಳಲ್ಲಿ). ಲಾಗ್‌ನ ಪ್ರತಿ ಸಾಲಿನ ಕೊನೆಯಲ್ಲಿ 512ಎಂ->130ಎಂ(1024ಎಂ) 8.4ಎಂಎಸ್ ಎಂಬಂಥ ಅಂಕಿಗಳು ಕಾಣುತ್ತವೆ: ಮುಂಚೆ ಇದ್ದದ್ದು, ಆಮೇಲೆ ಉಳಿದದ್ದು, ಒಟ್ಟು ಹೀಪ್, ತಗೊಂಡ ಸಮಯ. ನೀವು ಕಣ್ಣಿಡಬೇಕಾದ್ದು ಎರಡನೆಯ ಅಂಕಿಯ ಮೇಲೆ, ಅದೂ ಫುಲ್ ಜಿಸಿ (ಇಡೀ ಹೀಪ್ ಗುಡಿಸುವುದು) ಅಥವಾ ಮಿಕ್ಸ್ಡ್ (ಹಳೆಯ ಆಬ್ಜೆಕ್ಟ್‌ಗಳ ಭಾಗವನ್ನೂ ಸ್ವಲ್ಪ ಗುಡಿಸುವ) ಸುತ್ತುಗಳು ಮುಗಿದ ಮೇಲಿನದು. ಹೊಸ ಆಬ್ಜೆಕ್ಟ್‌ಗಳನ್ನು ಮಾತ್ರ ಗುಡಿಸುವ ಯಂಗ್ ಕಲೆಕ್ಷನ್ ಹಳೆಯ ಭಾಗವನ್ನು ಮುಟ್ಟುವುದಿಲ್ಲ, ಅದರ ಅಂಕಿ ನೋಡಿ ಗಾಬರಿಯಾಗುವುದು ಬೇಡ. ಆ ತಳಮಟ್ಟ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಲೀಕ್ ಇದೆ. ಏರಿಳಿದು ಒಂದೇ ತಳಕ್ಕೆ ಮರಳುತ್ತಿದ್ದರೆ ಲೀಕ್ ಇಲ್ಲ, ಹೀಪ್ ಚಿಕ್ಕದಾಗಿದೆ.

ಲೀಕ್ ಎಂದು ಖಾತ್ರಿಯಾದ ಮೇಲೆ ಜಾವಾದೊಂದಿಗೇ ಬರುವ ಜೆಸಿಎಂಡಿ ಕಮಾಂಡ್‌ಗೆ ಪ್ರೋಸೆಸ್ ಸಂಖ್ಯೆ ಕೊಟ್ಟು ಜಿಸಿ.ಕ್ಲಾಸ್_ಹಿಸ್ಟೋಗ್ರಾಮ್ ಓಡಿಸಿ; ಯಾವ ಕ್ಲಾಸ್‌ನ ಎಷ್ಟು ಆಬ್ಜೆಕ್ಟ್ ಇವೆ ಎಂಬ ಪಟ್ಟಿ ಸಿಗುತ್ತದೆ. ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಓಡಿಸಿ, ಎರಡನ್ನೂ ಹೋಲಿಸಿ. ಪಟ್ಟಿಯ ತಲೆಯಲ್ಲಿ ಬೈಟ್ ಅರೇ ಮತ್ತು ಸ್ಟ್ರಿಂಗ್ ಯಾವಾಗಲೂ ಇರುತ್ತವೆ, ಅವು ಏನನ್ನೂ ಹೇಳುವುದಿಲ್ಲ. ಕೆಳಗೆ ಸರಿದು ನಿಮ್ಮ ಪ್ಯಾಕೇಜಿನ ಯಾವ ಕ್ಲಾಸ್‌ನ ಎಣಿಕೆ ಮಾತ್ರ ಏರಿದೆ ನೋಡಿ. ನಂತರ ಹೀಪ್ ಡಂಪ್ (ಇಡೀ ಹೀಪ್‌ನ ನಕಲು ಫೈಲ್) ತೆಗೆದು ಎಕ್ಲಿಪ್ಸ್ ಮ್ಯಾಟ್ ಎಂಬ ಸಾಧನದಲ್ಲಿ ತೆರೆಯಿರಿ. ಡಾಮಿನೇಟರ್ ಟ್ರೀಯನ್ನು (ಯಾರು ಯಾರನ್ನು ಹಿಡಿದಿಟ್ಟಿದ್ದಾರೆ ಎಂಬ ಮರ) ರಿಟೇನ್ಡ್ ಗಾತ್ರದ, ಅಂದರೆ ಹಿಡಿದಿಟ್ಟಿರುವುದೆಲ್ಲ ಸೇರಿದ ಗಾತ್ರದ ಪ್ರಕಾರ ಜೋಡಿಸಿದರೆ ಮೇಲಿನ ಕೆಲವು ಸಾಲುಗಳಲ್ಲೇ ಕಳ್ಳ ಸಿಗುತ್ತಾನೆ. ಶ್ಯಾಲೋ ಗಾತ್ರ ನೋಡಬೇಡಿ: ಮ್ಯಾಪ್‌ನ ಸ್ವಂತ ಗಾತ್ರ ಕೆಲವೇ ಬೈಟ್, ಅದು ಹಿಡಿದಿರುವುದು ಗಿಗಾಬೈಟ್‌ಗಟ್ಟಲೆ ಇರಬಹುದು. ಆ ಆಬ್ಜೆಕ್ಟ್ ಮೇಲೆ "ಪಾತ್ ಟು ಜಿಸಿ ರೂಟ್ಸ್" ಕೇಳಿದರೆ ಬೇರಿನಿಂದ ಅಲ್ಲಿಯವರೆಗಿನ ಇಡೀ ಸರಪಳಿ ತೆರೆದುಕೊಳ್ಳುತ್ತದೆ.

ಎರಡು ಎಚ್ಚರಿಕೆ. ಹಿಸ್ಟೋಗ್ರಾಮ್ ಮತ್ತು ಡಂಪ್ ಎರಡೂ ಮಾಮೂಲಾಗಿ ಫುಲ್ ಜಿಸಿ ಮಾಡಿಸುತ್ತವೆ, ಡಂಪ್ ಬರೆಯುವಷ್ಟು ಹೊತ್ತು ಪ್ರೋಗ್ರಾಮ್ ನಿಂತಿರುತ್ತದೆ. ಆ ಸರ್ವರ್‌ಗೆ ಬರುವ ರಿಕ್ವೆಸ್ಟ್‌ಗಳನ್ನು ಬೇರೆಡೆಗೆ ತಿರುಗಿಸಿ ತೆಗೆಯಿರಿ. ಡಂಪ್ ಫೈಲಿನಲ್ಲಿ ಪಾಸ್‌ವರ್ಡ್, ಟೋಕನ್, ಗ್ರಾಹಕರ ಮಾಹಿತಿ ಎಲ್ಲವೂ ಬಿಚ್ಚಿಟ್ಟ ಹಾಗೆ ಇರುತ್ತವೆ. ಅದನ್ನು ಮೇಲ್‌ನಲ್ಲಿ ಕಳಿಸುವ ಅಭ್ಯಾಸ ಬೇಡ. ಎರರ್ ಬಂದ ಕ್ಷಣದಲ್ಲೇ ಡಂಪ್ ಸಿಗಬೇಕೆಂದರೆ ಹೀಪ್‌ಡಂಪ್‌ಆನ್‌ಔಟ್‌ಆಫ್‌ಮೆಮೊರಿಎರರ್ ಆಯ್ಕೆಯನ್ನು ಮೊದಲೇ ಹಾಕಿಡಿ, ಡಿಸ್ಕ್‌ನಲ್ಲಿ ಹೀಪ್‌ನಷ್ಟು ಜಾಗ ಇರಲಿ.

ಪ್ರಶ್ನೆ: ಕೆಲಸ ಮುಗಿದ ವೇರಿಯಬಲ್‌ಗಳಿಗೆಲ್ಲ ನಲ್ ಹಾಕಬೇಕೆಂದು ನಮ್ಮ ಟೀಮ್‌ನ ಹಿರಿಯರು ಹೇಳುತ್ತಾರೆ. ನಿಜವಾಗಿ ಬೇಕೆ?

ಲೋಕಲ್ ವೇರಿಯಬಲ್‌ಗಳಿಗೆ ಬೇಡ. ಫಂಕ್ಷನ್ ಮುಗಿದೊಡನೆ ಅದರ ಫ್ರೇಮೇ ಹೋಗುತ್ತದೆ. ಅಷ್ಟೇಕೆ, ಜಿಟ್ (ಪ್ರೋಗ್ರಾಮ್ ಓಡುವಾಗಲೇ ಕೆಲಸ ಮಾಡುವ ಕಂಪೈಲರ್) ಕಂಪೈಲ್ ಮಾಡಿದ ಕೋಡ್‌ನಲ್ಲಿ ವೇರಿಯಬಲ್‌ನ ಕೊನೆಯ ಬಳಕೆ ದಾಟಿದ ಮೇಲೆ, ಫಂಕ್ಷನ್ ಇನ್ನೂ ಓಡುತ್ತಿದ್ದರೂ, ಅದನ್ನು ಬೇರೆಂದು ಲೆಕ್ಕಕ್ಕೆ ಹಿಡಿಯದಿರಬಹುದು. ಎಲ್ಲೆಡೆ ನಲ್ ಚೆಲ್ಲಿದ ಕೋಡ್ ಓದಲು ಹಿಂಸೆ.

ಹಿರಿಯರ ಮಾತು ನಿಜವಾಗುವ ಜಾಗವೂ ಇದೆ. ಅರೇ ಇಟ್ಟುಕೊಂಡು ನೀವೇ ಒಂದು ಸ್ಟ್ಯಾಕ್ ಬರೆದಿದ್ದೀರಿ ಎನ್ನಿ. ಪಾಪ್ ಮಾಡುವಾಗ ಸೈಜ್ ಅನ್ನು 1 ಇಳಿಸಿ ಆ ಜಾಗದ ಆಬ್ಜೆಕ್ಟನ್ನು ಹಿಂದಿರುಗಿಸುತ್ತೀರಿ. ನಿಮ್ಮ ಲೆಕ್ಕದಲ್ಲಿ ಅದು ಹೊರಹೋಯಿತು, ಅರೇಯ ಆ ಮನೆಯಲ್ಲಿ ರೆಫರೆನ್ಸ್ ಮಾತ್ರ ಹಾಗೇ ಇದೆ. 10,000 ಆಬ್ಜೆಕ್ಟ್ ತುಂಬಿ ಎಲ್ಲವನ್ನೂ ಪಾಪ್ ಮಾಡಿದರೂ 10,000 ಬದುಕಿರುತ್ತವೆ. ಹಿಂದಿರುಗಿಸುವ ಮೊದಲು ಆ ಮನೆಗೆ ನಲ್ ಬರೆಯಿರಿ. ಸೈಜ್ ಎಂಬ ಅಂಕಿಯ ಅರ್ಥ ನಿಮಗೆ ಗೊತ್ತು, ಕಲೆಕ್ಟರ್‌ಗೆ ಗೊತ್ತಿಲ್ಲ.

ಪ್ರಶ್ನೆ: ಸಿಸ್ಟಮ್.ಜಿಸಿ ಕರೆಯಬಹುದೇ?

ಅಳತೆಯ ಪರೀಕ್ಷೆ ಬರೆಯುವಾಗ ಕರೆಯಿರಿ. ಉಳಿದಂತೆ ಬೇಡ. ನಿಯಮದ ಪ್ರಕಾರ ಅದು ಬರೀ ಸೂಚನೆ, ಆದರೆ ಹಾಟ್‌ಸ್ಪಾಟ್‌ನಲ್ಲಿ (ಸಾಮಾನ್ಯವಾಗಿ ಬಳಸುವ ಜಾವಾ ವರ್ಚುಯಲ್ ಮೆಷೀನ್) ಮಾಮೂಲಾಗಿ ಇಡೀ ಹೀಪ್‌ನ ಕಲೆಕ್ಷನ್ ಶುರುವಾಗುತ್ತದೆ. ಲೂಪ್ ಒಳಗೆ ಸಿಕ್ಕಿಬಿದ್ದರೆ ಪ್ರೋಗ್ರಾಮ್ ತೆವಳುತ್ತದೆ. ನಿಮ್ಮದಲ್ಲದ ಯಾವುದೋ ಲೈಬ್ರರಿ ಕರೆಯುತ್ತಿದ್ದರೆ ಡಿಸೇಬಲ್‌ಎಕ್ಸ್‌ಪ್ಲಿಸಿಟ್‌ಜಿಸಿ ಆಯ್ಕೆಯಿಂದ ಬಾಯಿ ಮುಚ್ಚಿಸಬಹುದು. ಹೀಪ್‌ನ ಹೊರಗೆ ಇರುವ ಡೈರೆಕ್ಟ್ ಬಫರ್‌ಗಳನ್ನು ಹೆಚ್ಚು ಬಳಸುವ ಪ್ರೋಗ್ರಾಮ್‌ನಲ್ಲಿ ಮಾತ್ರ ಈ ಆಯ್ಕೆ ತಿರುಗುಬಾಣ: ಬಫರ್ ಮಿತಿ ತುಂಬಿದಾಗ ಜಾವಾ ತಾನೇ ಈ ಕರೆ ಮಾಡಿ ಹಳೆಯ ಬಫರ್‌ಗಳನ್ನು ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ದೊಡ್ಡ ಡೇಟಾಫ್ರೇಮ್‌ಗೆ ಡೆಲ್ ಕೊಟ್ಟು, ಜಿಸಿ.ಕಲೆಕ್ಟ್ ಸಹ ಕರೆದೆ. ಆದರೂ ಟಾಪ್ ಕಮಾಂಡ್‌ನಲ್ಲಿ ಮೆಮೊರಿ ಇಳಿಯಲಿಲ್ಲ.

ಡೆಲ್ ಅಳಿಸುವುದು ಹೆಸರನ್ನು. ಸಿಪೈಥಾನ್‌ನಲ್ಲಿ (ಸಾಮಾನ್ಯವಾಗಿ ಬಳಸುವ ಪೈಥಾನ್) ಪ್ರತಿ ಆಬ್ಜೆಕ್ಟ್‌ನ ತಲೆಯಲ್ಲೇ ಒಂದು ಎಣಿಕೆ ಇರುತ್ತದೆ, ಎಷ್ಟು ಕಡೆಯಿಂದ ರೆಫರೆನ್ಸ್ ಇದೆ ಎಂದು. ಡೆಲ್ ಮಾಡಿದಾಗ ಎಣಿಕೆ 1 ಇಳಿಯುತ್ತದೆ, ಸೊನ್ನೆಗೆ ಬಂದರೆ ಮಾತ್ರ ಆಬ್ಜೆಕ್ಟ್ ಆ ಕ್ಷಣವೇ ಹೋಗುತ್ತದೆ. ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದಿದ್ದರೆ ಎಣಿಕೆ ಸೊನ್ನೆಯಾಗುವ ಮಾತೇ ಇಲ್ಲ. ಅಂಥ ಸುತ್ತುಗಳನ್ನು ಹುಡುಕಲೆಂದೇ ಪೈಥಾನ್ 2.0ರಿಂದ ಜಿಸಿ ಮಾಡ್ಯೂಲ್ ಇದೆ, ಜಿಸಿ.ಕಲೆಕ್ಟ್ ಕರೆದಾಗ ಓಡುವುದು ಅದು. ಬೇರೆ ಯಾರಾದರೂ ನಿಜವಾಗಿಯೇ ಹಿಡಿದಿದ್ದರೆ ಅದೂ ಏನೂ ಮಾಡಲಾರದು.

ನೀವು ಜುಪಿಟರ್ ನೋಟ್‌ಬುಕ್‌ನಲ್ಲಿದ್ದರೆ ಹಿಡಿದವರು ಯಾರೆಂದು ಊಹಿಸುವುದು ಸುಲಭ. ಸೆಲ್‌ನ ಕೊನೆಯ ಸಾಲಿನಲ್ಲಿ ಡೇಟಾಫ್ರೇಮ್ ಹೆಸರನ್ನಷ್ಟೇ ಬರೆದು ಅದನ್ನು ತೋರಿಸಿಕೊಂಡಿದ್ದೀರಾ? ಹಾಗೆ ತೋರಿಸಿದ್ದೆಲ್ಲ ಔಟ್ ಎಂಬ ಡಿಕ್ಷನರಿಯಲ್ಲಿ ಉಳಿದಿರುತ್ತದೆ, ಅಂಡರ್‌ಸ್ಕೋರ್ ಹೆಸರಿನಲ್ಲೂ ಇರುತ್ತದೆ. ಶೇಕಡಾ ಚಿಹ್ನೆಯೊಂದಿಗೆ ರೀಸೆಟ್ ಔಟ್ ಎಂಬ ಮ್ಯಾಜಿಕ್ ಕಮಾಂಡ್ ಕೊಟ್ಟರೆ ಅದು ಖಾಲಿಯಾಗುತ್ತದೆ.

ಉಳಿದ ಸಾಮಾನ್ಯ ಕಾರಣಗಳು ಹೀಗಿವೆ. ನಮ್‌ಪೈ ಅರೇಯ ಒಂದು ತುಂಡನ್ನು ಇಟ್ಟುಕೊಂಡರೆ ಅದು ವ್ಯೂ, ಅಂದರೆ ನಕಲಲ್ಲ, ಮೂಲ ಅರೇಗೆ ತೆರೆದ ಕಿಟಕಿ. ಹತ್ತು ಸಾಲಿನ ವ್ಯೂ ಕೂಡ ಒಂದು ಕೋಟಿ ಸಾಲಿನ ಮೂಲ ಅರೇಯನ್ನು ಹಿಡಿದಿಡುತ್ತದೆ. ತುಂಡಿಗೆ ಕಾಪಿ ಕರೆದು ಇಟ್ಟುಕೊಳ್ಳಿ. ಫಂಕ್‌ಟೂಲ್ಸ್‌ನ ಕ್ಯಾಶ್ ಡೆಕೊರೇಟರ್‌ಗೆ ಮಿತಿಯೇ ಇಲ್ಲ; ಎಲ್‌ಆರ್‌ಯು_ಕ್ಯಾಶ್‌ಗೆ ಮಾಮೂಲು ಮಿತಿ 128. ಎರಡರಲ್ಲಿ ಯಾವುದನ್ನು ಮೆಥಡ್ ಮೇಲೆ ಹಾಕಿದರೂ ಸೆಲ್ಫ್ ಕೂಡ ಕೀಯ ಭಾಗವಾಗಿ ಇಡೀ ಆಬ್ಜೆಕ್ಟ್ ಕ್ಯಾಶ್‌ನಲ್ಲಿ ಉಳಿಯುತ್ತದೆ. ಎಕ್ಸೆಪ್ಶನ್ ಆಬ್ಜೆಕ್ಟ್‌ಗಳನ್ನು ಲಿಸ್ಟ್‌ಗೆ ಸೇರಿಸಿಡುವವರು ಗಮನಿಸಿ: ಎಕ್ಸೆಪ್ಶನ್ ಟ್ರೇಸ್‌ಬ್ಯಾಕನ್ನು ಹಿಡಿದಿರುತ್ತದೆ, ಟ್ರೇಸ್‌ಬ್ಯಾಕ್ ಫ್ರೇಮ್‌ಗಳನ್ನು, ಫ್ರೇಮ್‌ಗಳು ಆ ಹೊತ್ತಿನ ಎಲ್ಲ ಲೋಕಲ್ ವೇರಿಯಬಲ್‌ಗಳನ್ನು. ಲಿಸ್ಟ್‌ಗೆ ಸಂದೇಶದ ಸ್ಟ್ರಿಂಗ್ ಮಾತ್ರ ಹಾಕಿ. ಯಾರು ಹಿಡಿದಿದ್ದಾರೆಂದು ಜಿಸಿ.ಗೆಟ್_ರೆಫರರ್ಸ್ ತೋರಿಸುತ್ತದೆ. ಎಲ್ಲಿ ಹುಟ್ಟಿತು ಎಂಬುದಕ್ಕೆ ಪೈಥಾನ್ 3.4ರಲ್ಲಿ ಬಂದ ಟ್ರೇಸ್‌ಮ್ಯಾಲಕ್ ಇದೆ: ಎರಡು ಸ್ನ್ಯಾಪ್‌ಶಾಟ್ ತೆಗೆದು ಹೋಲಿಸಿದರೆ ಯಾವ ಸಾಲಿನ ಕೋಡ್ ಎಷ್ಟು ಬೈಟ್ ಹೆಚ್ಚಿಸಿತು ಎಂದು ಪಟ್ಟಿ ಕೊಡುತ್ತದೆ.

ಆಬ್ಜೆಕ್ಟ್ ನಿಜವಾಗಿಯೂ ಹೋಗಿದ್ದರೂ ಟಾಪ್‌ನ ಅಂಕಿ ಇಳಿಯದಿರಬಹುದು. 512 ಬೈಟ್‌ವರೆಗಿನ ಆಬ್ಜೆಕ್ಟ್‌ಗಳಿಗೆ ಪೈಥಾನ್ ತನ್ನದೇ ಅರೀನಾಗಳಿಂದ (ಒಟ್ಟಿಗೆ ಪಡೆದಿಟ್ಟ ಮೆಮೊರಿ ತುಂಡುಗಳು) ಜಾಗ ಕೊಡುತ್ತದೆ. ಒಂದು ಅರೀನಾ ಮೊದಲು 256 ಕೆಬಿ ಇತ್ತು, 3.10ರಿಂದ 1 ಎಂಬಿ. ಅರೀನಾ ಪೂರ್ತಿ ಖಾಲಿಯಾದರೆ ಮಾತ್ರ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಹೋಗುತ್ತದೆ. ಮೂಲೆಯಲ್ಲಿ ಒಂದು ಪುಟ್ಟ ಸ್ಟ್ರಿಂಗ್ ಉಳಿದರೂ ಇಡೀ ಅರೀನಾ ಪ್ರೋಸೆಸ್ ಹೆಸರಿನಲ್ಲೇ ಇರುತ್ತದೆ. ಆ ಜಾಗವನ್ನು ಮುಂದಿನ ಆಬ್ಜೆಕ್ಟ್‌ಗಳು ಬಳಸುತ್ತವೆ, ಹಾಗಾಗಿ ಅದು ಲೀಕ್ ಅಲ್ಲ. ಅದೇ ಕೆಲಸವನ್ನು ಅದೇ ಪ್ರೋಸೆಸ್‌ನಲ್ಲಿ ಎರಡನೇ ಸಲ ಓಡಿಸಿ ನೋಡಿ: ಅಂಕಿ ಅಲ್ಲೇ ನಿಂತರೆ ತಲೆಕೆಡಿಸಿಕೊಳ್ಳಬೇಡಿ, ಮತ್ತೆ ಅಷ್ಟೇ ಏರಿದರೆ ಹುಡುಕಲು ಶುರು ಮಾಡಿ. ಮೆಮೊರಿ ವಾಪಸ್ ಬರಲೇಬೇಕು ಎಂದಾದರೆ ಭಾರದ ಕೆಲಸವನ್ನು ಮಲ್ಟಿಪ್ರೋಸೆಸಿಂಗ್ ಮೂಲಕ ಬೇರೆ ಪ್ರೋಸೆಸ್‌ಗೆ ಕೊಡಿ. ಪೂಲ್ ಬಳಸುವವರು ಮ್ಯಾಕ್ಸ್‌ಟಾಸ್ಕ್ಸ್‌ಪರ್‌ಚೈಲ್ಡ್‌ಗೆ ಒಂದು ಮಿತಿ ಕೊಟ್ಟರೆ ಅಷ್ಟು ಕೆಲಸದ ನಂತರ ಹಳೆಯ ಪ್ರೋಸೆಸ್ ಹೋಗಿ ಹೊಸದು ಬರುತ್ತದೆ.

ಪ್ರಶ್ನೆ: ಪರೀಕ್ಷೆಗೆ ಬೇಕಿತ್ತು. ಗಾರ್ಬೇಜ್ ಕಲೆಕ್ಷನ್ ಕಂಡುಹಿಡಿದವರು ಯಾರು? ಮುಖ್ಯ ವಿಧಾನಗಳು ಯಾವುವು?

ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ. ಅವರ 1960ರ ಪ್ರಬಂಧದಲ್ಲಿರುವುದು ಗುರುತು ಹಾಕಿ ಗುಡಿಸುವ ಮಾರ್ಕ್-ಸ್ವೀಪ್ ವಿಧಾನ. ರೆಫರೆನ್ಸ್ ಎಣಿಸುವ ವಿಧಾನವನ್ನು ಜಾರ್ಜ್ ಕಾಲಿನ್ಸ್ ಅದೇ ವರ್ಷ ಪ್ರಕಟಿಸಿದರು. ಬದುಕಿರುವುದನ್ನು ಇನ್ನೊಂದು ಜಾಗಕ್ಕೆ ನಕಲು ಮಾಡಿ ಹಳೆಯ ಜಾಗವನ್ನು ಒಟ್ಟಿಗೆ ಬಿಟ್ಟುಬಿಡುವ ಕಾಪಿಯಿಂಗ್ ವಿಧಾನದಲ್ಲಿ 1970ರ ಚೇನಿ ಅಲ್ಗಾರಿದಮ್ ಪ್ರಸಿದ್ಧ. ಪ್ರೋಗ್ರಾಮ್ ಓಡುತ್ತಿರುವಾಗಲೇ ಗುರುತು ಹಾಕುವ ಮೂರು ಬಣ್ಣಗಳ ಲೆಕ್ಕ ಡೈಕ್‌ಸ್ಟ್ರಾ ಮತ್ತು ಸಂಗಡಿಗರದು, 1978. ತಲೆಮಾರುಗಳಾಗಿ ವಿಂಗಡಿಸುವ ಜನರೇಷನಲ್ ವಿಧಾನಕ್ಕೆ 1983ರ ಲೀಬರ್‌ಮನ್ ಮತ್ತು ಹೆವಿಟ್, 1984ರ ಡೇವಿಡ್ ಅಂಗರ್ ಹೆಸರುಗಳನ್ನು ಬರೆಯಿರಿ.

ಪ್ರಶ್ನೆ: ಜಾವಾ 8ರಲ್ಲಿ ಓಡುವ ನಮ್ಮ ಸೇವೆ ಆಗಾಗ ಒಂದು ಸೆಕೆಂಡ್ ಕಲ್ಲಾಗಿ ನಿಲ್ಲುತ್ತಿತ್ತು. ಹೀಪ್ ಸಾಲದು ಎಂದು 4 ಜಿಬಿಯಿಂದ 16 ಜಿಬಿಗೆ ಏರಿಸಿದೆವು. ಈಗ ನಿಲ್ಲುವುದು ಅಪರೂಪ, ನಿಂತರೆ ನಾಲ್ಕೈದು ಸೆಕೆಂಡ್!

ಆಗಬೇಕಾದ್ದೇ ಆಗಿದೆ. ಸರ್ವರ್ ಯಂತ್ರಗಳಲ್ಲಿ ಜಾವಾ 8ರ ಮಾಮೂಲು ಕಲೆಕ್ಟರ್ ಪ್ಯಾರಲಲ್. ಹಳೆಯ ತಲೆಮಾರು ತುಂಬಿದಾಗ ಅದು ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ, ಬದುಕಿರುವ ಎಲ್ಲ ಆಬ್ಜೆಕ್ಟ್‌ಗಳನ್ನೂ ನಡೆದು, ಒತ್ತಾಗಿ ಜೋಡಿಸುತ್ತದೆ. ಆ ಕೆಲಸದ ಹೊರೆ ಬಹುಪಾಲು ಬದುಕಿರುವುದರ ಮೇಲೆ ನಿಂತಿದೆ. ಹೀಪ್ ದೊಡ್ಡದಾದಾಗ ತುಂಬಲು ಹೆಚ್ಚು ಹೊತ್ತು ಬೇಕು, ಅದಕ್ಕೇ ಅಪರೂಪ. ಜಾಗ ಸಿಕ್ಕಿತೆಂದು ನಿಮ್ಮ ಕ್ಯಾಶ್‌ಗಳೂ ಬೆಳೆದಿರುತ್ತವೆ, ಅದಕ್ಕೇ ದೀರ್ಘ.

ಬಹುಪಾಲು ಆಬ್ಜೆಕ್ಟ್‌ಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸಾಯುತ್ತವೆ ಎಂಬ ಅನುಭವದ ಮೇಲೆ ಜನರೇಷನಲ್ ಕಲೆಕ್ಟರ್‌ಗಳು ನಿಂತಿವೆ. ಯಂಗ್ ಭಾಗವನ್ನು ಪದೇ ಪದೇ ಗುಡಿಸುತ್ತವೆ. ಅಲ್ಲಿ ಸತ್ತವುಗಳಿಗೆ ಖರ್ಚೇ ಇಲ್ಲ, ಉಳಿದವುಗಳ ನಕಲಿಗೆ ಮಾತ್ರ ಸಮಯ. ಪ್ರತಿ ಸುತ್ತಿನಲ್ಲಿ ಉಳಿದ ಆಬ್ಜೆಕ್ಟ್‌ನ ವಯಸ್ಸು 1 ಏರುತ್ತದೆ, ಹೆಚ್ಚೆಂದರೆ 15ಕ್ಕೆ ಓಲ್ಡ್ ಭಾಗಕ್ಕೆ ಬಡ್ತಿ. ಹೆಡರ್‌ನಲ್ಲಿ ವಯಸ್ಸಿಗೆ ಇರುವುದು 4 ಬಿಟ್ ಮಾತ್ರ, 15ರ ಮಿತಿ ಬಂದದ್ದು ಅಲ್ಲಿಂದ. ಯಂಗ್ ಭಾಗದಲ್ಲಿ ಉಳಿದವುಗಳಿಗೆಂದು ಇರುವ ಸರ್ವೈವರ್ ಜಾಗ ಸಾಲದಿದ್ದರೆ ಇನ್ನೊಂದು ಸುತ್ತಿಗೆ ಸಾಯಬೇಕಿದ್ದವೂ ಬೇಗ ಬಡ್ತಿ ಪಡೆದು ಓಲ್ಡ್ ಭಾಗವನ್ನು ತುಂಬಿಸುತ್ತವೆ. ಫುಲ್ ಜಿಸಿ ಪದೇ ಪದೇ ಬರುವುದಕ್ಕೆ ಇದು ಬಹಳ ಸಾಮಾನ್ಯವಾದ ಕಾರಣ.

ನಮ್ಮ ಸಲಹೆ: ಫ್ಲ್ಯಾಗ್‌ಗಳನ್ನು ತಿರುಚುವ ಮೊದಲು ಜಾವಾ 17 ಅಥವಾ 21ಕ್ಕೆ ಬನ್ನಿ. ಜಾವಾ 9ರಿಂದ ಮಾಮೂಲು ಕಲೆಕ್ಟರ್ ಜಿ1. ಅದು ಹೀಪನ್ನು 1ರಿಂದ 32 ಎಂಬಿವರೆಗಿನ ರೀಜನ್‌ಗಳಾಗಿ ಹೋಳು ಮಾಡಿ, ಓಲ್ಡ್ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಗುಡಿಸುತ್ತದೆ. 200 ಮಿಲಿಸೆಕೆಂಡ್ ಒಳಗೆ ಮುಗಿಸಲು ನೋಡುತ್ತದೆ. ಅದು ಗುರಿ ಅಷ್ಟೇ, ಭರವಸೆ ಅಲ್ಲ. 20 ಎಂದು ಬರೆದರೆ ಯಂಗ್ ಭಾಗ ಕುಗ್ಗಿ, ಕಲೆಕ್ಷನ್‌ಗಳ ಸಂಖ್ಯೆ ಏರಿ, ಒಟ್ಟು ಕೆಲಸ ಹೆಚ್ಚಾಗುತ್ತದೆ.

ಜಿ1ರಲ್ಲಿ ಎಡವುವ ಕಲ್ಲು ಹ್ಯೂಮಂಗಸ್ ಆಬ್ಜೆಕ್ಟ್. ರೀಜನ್‌ನ ಅರ್ಧ ಅಥವಾ ಅದಕ್ಕಿಂತ ದೊಡ್ಡ ಆಬ್ಜೆಕ್ಟ್ ನೇರ ಓಲ್ಡ್ ಭಾಗಕ್ಕೆ, ತನ್ನದೇ ರೀಜನ್‌ಗೆ ಹೋಗುತ್ತದೆ. 4 ಜಿಬಿ ಹೀಪ್‌ನಲ್ಲಿ ರೀಜನ್ 2 ಎಂಬಿ ಇರುತ್ತದೆ. ನೀವು ಫೈಲ್ ಓದಲು 1.1 ಎಂಬಿ ಬೈಟ್ ಅರೇ ಮಾಡಿದರೆ ಇಡೀ 2 ಎಂಬಿ ಹೋಯಿತು, ಉಳಿದ 0.9 ಎಂಬಿಯಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಲಾಗ್‌ನಲ್ಲಿ ಕಾರಣವಾಗಿ "ಜಿ1 ಹ್ಯೂಮಂಗಸ್ ಅಲೊಕೇಶನ್" ಎಂದು ಪದೇ ಪದೇ ಕಂಡರೆ ಫೈಲನ್ನು 64 ಕೆಬಿ ತುಂಡುಗಳಲ್ಲಿ ಓದಿ, ಇಲ್ಲವೇ ರೀಜನ್ ಗಾತ್ರವನ್ನು 8 ಎಂಬಿ ಮಾಡಿ. ಮೊದಲನೆಯದೇ ಒಳ್ಳೆಯದು.

ಅದಕ್ಕಿಂತಲೂ ಕಡಿಮೆ ನಿಲುಗಡೆ ಬೇಕೆಂದರೆ ಝಡ್‌ಜಿಸಿ. ಅದರ ನಿಲುಗಡೆ ಸಾಮಾನ್ಯವಾಗಿ 1 ಮಿಲಿಸೆಕೆಂಡ್‌ಗಿಂತ ಕಡಿಮೆ, ಹೀಪ್ ಎಷ್ಟೇ ದೊಡ್ಡದಿರಲಿ. ಜಾವಾ 21ರಲ್ಲಿ ಅದರ ಜನರೇಷನಲ್ ರೂಪವನ್ನು ಝಡ್‌ಜನರೇಷನಲ್ ಫ್ಲ್ಯಾಗ್ ಕೊಟ್ಟೇ ಆನ್ ಮಾಡಬೇಕು. ಬದಲಿಗೆ ಸಿಪಿಯು ಮತ್ತು ಮೆಮೊರಿ ಹೆಚ್ಚು ಕೇಳುತ್ತದೆ: ಜಿ1ರಲ್ಲಿ ಸುಮಾರು 32 ಜಿಬಿ ಹೀಪ್‌ವರೆಗೆ ರೆಫರೆನ್ಸ್‌ಗೆ 4 ಬೈಟ್ ಸಾಕು, ಝಡ್‌ಜಿಸಿಯಲ್ಲಿ ಯಾವಾಗಲೂ 8.

ಲಾಗ್‌ನಲ್ಲಿ ಯೂಸರ್, ಸಿಸ್, ರಿಯಲ್ ಎಂಬ ಮೂರು ಸಮಯಗಳನ್ನೂ ನೋಡಿ. ರಿಯಲ್ ಮಾತ್ರ ದೊಡ್ಡದಿದ್ದು ಉಳಿದೆರಡೂ ಚಿಕ್ಕದಿದ್ದರೆ ತಪ್ಪು ಕಲೆಕ್ಟರ್‌ದಲ್ಲ. ಹೀಪ್‌ನ ಪುಟಗಳು ಸ್ವಾಪ್‌ಗೆ ಹೋಗಿವೆ, ಅಥವಾ ಕಂಟೇನರ್‌ನ ಸಿಪಿಯು ಮಿತಿ ಮುಗಿದು ಪ್ರೋಸೆಸ್ ಕಾಯುತ್ತಿದೆ. ಇದನ್ನು ನೋಡದೆ ಫ್ಲ್ಯಾಗ್ ಬದಲಾಯಿಸುತ್ತಾ ವಾರ ಕಳೆಯುವವರು ಬಹಳ.

ಪ್ರಶ್ನೆ: 1 ಜಿಬಿ ಕಂಟೇನರ್‌ನಲ್ಲಿ -ಎಕ್ಸ್‌ಎಂಎಕ್ಸ್ 1 ಜಿಬಿ ಕೊಟ್ಟಿದ್ದೇವೆ. ಪ್ರೋಗ್ರಾಮ್ 137 ಎಂಬ ಕೋಡ್‌ನೊಂದಿಗೆ ಸಾಯುತ್ತದೆ. ಹೀಪ್ ಡಂಪ್ ಆಯ್ಕೆ ಹಾಕಿದ್ದರೂ ಡಂಪ್ ಇಲ್ಲ, ಜಾವಾ ಎರರ್ ಕೂಡ ಇಲ್ಲ.

137 ಎಂದರೆ 128ಕ್ಕೆ 9 ಕೂಡಿಸಿದ್ದು. 9 ಎಂಬುದು ಕಿಲ್ ಸಿಗ್ನಲ್. ಕೊಂದದ್ದು ಲಿನಕ್ಸ್ ಕರ್ನಲ್; ಜಾವಾಗೆ ಕೊನೆಯ ಮಾತಾಡಲೂ ಅವಕಾಶ ಸಿಗಲಿಲ್ಲ. ಕ್ಯುಬರ್ನೆಟಿಸ್ ಆದರೆ ಪಾಡ್‌ನ ವಿವರದಲ್ಲಿ "ಒಓಎಂಕಿಲ್ಡ್" ಎಂದು ಕಾಣುತ್ತದೆ.

-ಎಕ್ಸ್‌ಎಂಎಕ್ಸ್ ಮಿತಿ ಹಾಕುವುದು ಹೀಪ್‌ಗೆ ಮಾತ್ರ. ಅದರ ಹೊರಗೆ ಕ್ಲಾಸ್‌ಗಳ ವಿವರ ಇಡುವ ಮೆಟಾಸ್ಪೇಸ್ (ಇದಕ್ಕೆ ಮಾಮೂಲಾಗಿ ಮಿತಿಯಿಲ್ಲ), ಜಿಟ್ ಮಾಡಿದ ಕೋಡ್, ಥ್ರೆಡ್ ಒಂದಕ್ಕೆ 1 ಎಂಬಿವರೆಗೆ ಬೆಳೆಯಬಲ್ಲ ಸ್ಟ್ಯಾಕ್, ಡೈರೆಕ್ಟ್ ಬಫರ್‌ಗಳು, ಕಲೆಕ್ಟರ್‌ನ ಸ್ವಂತ ಲೆಕ್ಕಪತ್ರ ಎಲ್ಲ ಇವೆ. ಕಂಟೇನರ್ ಮಿತಿ ಇವೆಲ್ಲದರ ಮೊತ್ತಕ್ಕೆ. ಹಾಗಾಗಿ 1 ಜಿಬಿಯಲ್ಲಿ 600 ಎಂಬಿ ಹೀಪ್‌ನಿಂದ ಶುರು ಮಾಡಿ. ಯಾವ ಭಾಗ ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ನೇಟಿವ್‌ಮೆಮೊರಿಟ್ರ್ಯಾಕಿಂಗ್ ಆಯ್ಕೆಯನ್ನು ಸಮ್ಮರಿ ಎಂದು ಕೊಟ್ಟು ಓಡಿಸಿ, ಜೆಸಿಎಂಡಿಯಲ್ಲಿ ವಿಎಂ.ನೇಟಿವ್_ಮೆಮೊರಿ ಕೇಳಿ. ಈ ಲೆಕ್ಕಕ್ಕೆ ವೇಗದಲ್ಲಿ ಸ್ವಲ್ಪ ದಂಡ ಕಟ್ಟಬೇಕು, ಕೆಲಸವಾದ ಮೇಲೆ ತೆಗೆದುಬಿಡಿ. ಅದರ ಮೊತ್ತಕ್ಕಿಂತ ಪ್ರೋಸೆಸ್‌ನ ನಿಜ ಗಾತ್ರ ಬಹಳ ದೊಡ್ಡದಿದ್ದರೆ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮ್ಯಾಲಕ್ ಅರೀನಾಗಳನ್ನು ಅನುಮಾನಿಸಿ. ಮ್ಯಾಲಕ್_ಅರೀನಾ_ಮ್ಯಾಕ್ಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 2 ಕೊಟ್ಟು ನೋಡಿ.

ಏನೂ ಕೊಡದೆ ಬಿಟ್ಟರೆ ಇನ್ನೊಂದು ತುದಿಯ ತೊಂದರೆ: ಹೀಪ್ ಮಿತಿ ಕಂಟೇನರ್ ಮೆಮೊರಿಯ ಕಾಲು ಭಾಗ ಮಾತ್ರ. ಮ್ಯಾಕ್ಸ್‌ರ್‍ಯಾಮ್‌ಪರ್ಸೆಂಟೇಜ್ ಆಯ್ಕೆಯ ಮಾಮೂಲು ಬೆಲೆ 25. ಸಿಪಿಯು 2ಕ್ಕಿಂತ ಕಡಿಮೆ ಅಥವಾ ಮೆಮೊರಿ 1792 ಎಂಬಿಗಿಂತ ಕಡಿಮೆ ಇದ್ದರೆ ಜಿ1ರ ಬದಲು ಒಂಟಿ ಥ್ರೆಡ್‌ನ ಸೀರಿಯಲ್ ಕಲೆಕ್ಟರ್ ಸದ್ದಿಲ್ಲದೆ ಬರುವುದನ್ನೂ ಗಮನದಲ್ಲಿಡಿ.

ಪ್ರಶ್ನೆ: ನಮ್ಮ ವೆಬ್ ಆ್ಯಪ್‌ನ ಟ್ಯಾಬ್ ದಿನವಿಡೀ ತೆರೆದಿದ್ದರೆ ಬ್ರೌಸರ್ ಉಬ್ಬುತ್ತಾ ಹೋಗುತ್ತದೆ. ಪುಟ ಬದಲಿಸಿದಾಗ ಹಳೆಯ ಕಾಂಪೊನೆಂಟ್‌ಗಳು ಹೋಗಬೇಕಲ್ಲವೇ?

ಪರದೆಯಿಂದ ಹೋಗುತ್ತವೆ, ಮೆಮೊರಿಯಿಂದ ಹೋಗಬೇಕಾದರೆ ಅವುಗಳನ್ನು ಹಿಡಿದ ಕೈಗಳೆಲ್ಲ ಬಿಡಬೇಕು. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಮೆಮೊರಿ ವಿಭಾಗ ತೆರೆಯಿರಿ. ಪುಟವನ್ನು ಒಮ್ಮೆ ತೆರೆದು ಮುಚ್ಚಿ, ಮೊದಲ ಸಲದ ಕ್ಯಾಶ್‌ಗಳೆಲ್ಲ ತುಂಬಿಕೊಳ್ಳಲಿ. ಆಮೇಲೆ ಒಂದು ಹೀಪ್ ಸ್ನ್ಯಾಪ್‌ಶಾಟ್. ಅದೇ ಪುಟವನ್ನು ಸರಿಯಾಗಿ 7 ಸಲ ತೆರೆದು ಮುಚ್ಚಿ, ಮತ್ತೊಂದು ಸ್ನ್ಯಾಪ್‌ಶಾಟ್ ತೆಗೆದು ಕಂಪ್ಯಾರಿಸನ್ ನೋಟಕ್ಕೆ ಬನ್ನಿ. ಡೆಲ್ಟಾ ಕಾಲಮ್‌ನಲ್ಲಿ 7, 14, 21 ಹೀಗೆ 7ರ ಗುಣಕಗಳಾಗಿ ಕಾಣುವ ಕ್ಲಾಸ್‌ಗಳೇ ಲೀಕ್. ಫಿಲ್ಟರ್‌ನಲ್ಲಿ "ಡಿಟ್ಯಾಚ್ಡ್" ಎಂದು ಹುಡುಕಿದರೆ ಪುಟದಿಂದ ಕಳಚಿಯೂ ಬದುಕಿರುವ ಡಾಮ್ ನೋಡ್‌ಗಳು ಸಿಗುತ್ತವೆ. ಕೆಳಗಿನ ರಿಟೇನರ್ಸ್ ಪಟ್ಟಿಯಲ್ಲಿ ಹಿಡಿದವರ ಹೆಸರಿದೆ.

ಬಹಳಷ್ಟು ಸಲ ಅದು ನಿಲ್ಲಿಸದ ಸೆಟ್‌ಇಂಟರ್ವಲ್, ಅಥವಾ ವಿಂಡೋಗೆ ಹಾಕಿ ತೆಗೆಯದ ಲಿಸನರ್. ಲಿಸನರ್ ತೆಗೆಯುವಾಗ ಹಾಕಿದ ಅದೇ ಫಂಕ್ಷನ್ ಕೊಡಬೇಕು. ಎರಡೂ ಕಡೆ ಆ್ಯರೋ ಫಂಕ್ಷನ್ ಹೊಸದಾಗಿ ಬರೆದರೆ ಎರರ್ ಬರುವುದಿಲ್ಲ, ಲಿಸನರ್ ಹೋಗುವುದೂ ಇಲ್ಲ. ಅಬಾರ್ಟ್‌ಕಂಟ್ರೋಲರ್‌ನ ಸಿಗ್ನಲ್ ಕೊಟ್ಟು ಹಾಕಿದರೆ ಒಂದೇ ಅಬಾರ್ಟ್ ಕರೆಯಲ್ಲಿ ಎಲ್ಲವೂ ಕಳಚುತ್ತವೆ. ಕ್ರೋಮ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಆದ ವಿ8ರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಒಂದೇ ಸ್ಕೋಪ್‌ನಲ್ಲಿ ಹುಟ್ಟಿದ ಕ್ಲೋಶರ್‌ಗಳೆಲ್ಲ (ಹೊರಗಿನ ವೇರಿಯಬಲ್‌ಗಳನ್ನು ಹಿಡಿದಿರುವ ಫಂಕ್ಷನ್‌ಗಳು) ಒಂದೇ ಕಾಂಟೆಕ್ಸ್ಟ್ ಹಂಚಿಕೊಳ್ಳುತ್ತವೆ. ದೊಡ್ಡ ಅರೇಯನ್ನು ಒಂದು ಕ್ಲೋಶರ್ ಮಾತ್ರ ಬಳಸಿದ್ದರೂ ಪಕ್ಕದ ಪುಟ್ಟ ಕ್ಲೋಶರ್ ಬದುಕಿರುವವರೆಗೆ ಆ ಅರೇ ಉಳಿಯುತ್ತದೆ. ಪರೀಕ್ಷೆ ಮಾಡುವಾಗ ಕನ್ಸೋಲ್.ಲಾಗ್ ಸಾಲುಗಳನ್ನು ತೆಗೆಯಿರಿ, ಕನ್ಸೋಲ್‌ಗೆ ಬರೆದ ಆಬ್ಜೆಕ್ಟನ್ನು ಡೆವ್‌ಟೂಲ್ಸ್ ತಾನೇ ಹಿಡಿದಿರುತ್ತದೆ.

ಪ್ರಶ್ನೆ: ಮೆಮೊರಿ ಬೇಕಾದಷ್ಟಿದೆ, ಆದರೂ "ಟೂ ಮೆನಿ ಓಪನ್ ಫೈಲ್ಸ್" ಬರುತ್ತದೆ. ಕಲೆಕ್ಟರ್ ಫೈಲ್‌ಗಳನ್ನು ಮುಚ್ಚುವುದಿಲ್ಲವೇ?

ಅದನ್ನು ನಂಬಿ ಕೂರಬೇಡಿ. ಕಲೆಕ್ಟರ್ ಓಡುವುದು ಮೆಮೊರಿ ತುಂಬಿದಾಗ. ಬೇಕಾದಷ್ಟಿದ್ದರೆ ಓಡುವುದೇ ಇಲ್ಲ. ಫೈಲ್ ಆಬ್ಜೆಕ್ಟ್ ಕೆಲವೇ ಬೈಟ್, ಸಾವಿರ ತೆರೆದರೂ ಹೀಪ್‌ಗೆ ಗೊತ್ತಾಗದು. ಅನೇಕ ಲಿನಕ್ಸ್‌ಗಳಲ್ಲಿ ಒಂದು ಪ್ರೋಸೆಸ್‌ಗೆ ಮಾಮೂಲು ಮಿತಿ 1024 ಡಿಸ್ಕ್ರಿಪ್ಟರ್, ಅಂದರೆ ಒಟ್ಟಿಗೆ ತೆರೆದಿಡಬಹುದಾದ ಫೈಲ್, ಸಾಕೆಟ್‌ಗಳ ಸಂಖ್ಯೆ. ಆಬ್ಜೆಕ್ಟ್ ಹೋಗುವ ಮುನ್ನ ಕರೆಯಲ್ಪಡುವ ಜಾವಾದ ಫೈನಲೈಜ್ ಮೇಲೆ ಭಾರ ಹಾಕುವ ಕಾಲ ಮುಗಿದಿದೆ: ಅದನ್ನು ಜಾವಾ 9ರಲ್ಲೇ ಹಳತೆಂದು ಸಾರಿದರು, 18ರಲ್ಲಿ ತೆಗೆದುಹಾಕುವ ಪಟ್ಟಿಗೂ ಸೇರಿಸಿದರು. ಫೈಲ್, ಸಾಕೆಟ್, ಡೇಟಾಬೇಸ್ ಕನೆಕ್ಷನ್‌ಗಳಿಗೆ ಜಾವಾದಲ್ಲಿ ಟ್ರೈ-ವಿತ್-ರಿಸೋರ್ಸಸ್, ಪೈಥಾನ್‌ನಲ್ಲಿ ವಿತ್, ಸಿ ಶಾರ್ಪ್‌ನಲ್ಲಿ ಯೂಸಿಂಗ್, ಗೋನಲ್ಲಿ ಡಿಫರ್.

ಪ್ರಶ್ನೆ: ಕಲೆಕ್ಟರ್ ಇರುವ ಭಾಷೆ ನಿಧಾನ ಎನ್ನುವುದು ನಿಜವೇ? ಸಿ++ಗೆ ಹೋಗೋಣವೇ?

ಮೆಮೊರಿ ಧಾರಾಳವಾಗಿದ್ದರೆ ನಿಧಾನವಲ್ಲ. ಈ ಬಗ್ಗೆ ಮ್ಯಾಥ್ಯೂ ಹರ್ಟ್ಜ್ ಮತ್ತು ಎಮೆರಿ ಬರ್ಗರ್ 2005ರಲ್ಲಿ ಜಾವಾ ಪ್ರೋಗ್ರಾಮ್‌ಗಳನ್ನು ಅಳೆದು ಪ್ರಕಟಿಸಿದ ಲೆಕ್ಕವಿದೆ. ಕೈಯಾರೆ ಬಿಡುಗಡೆ ಮಾಡಿದಾಗ ಬೇಕಾಗುವುದರ 5 ಪಟ್ಟು ಮೆಮೊರಿ ಕೊಟ್ಟರೆ ಒಳ್ಳೆಯ ಜನರೇಷನಲ್ ಕಲೆಕ್ಟರ್ ಅಷ್ಟೇ ವೇಗ. 3 ಪಟ್ಟು ಕೊಟ್ಟರೆ ಸರಾಸರಿ 17% ನಿಧಾನ. 2 ಪಟ್ಟಾದರೆ ಸುಮಾರು 70% ನಿಧಾನ. ಕಲೆಕ್ಟರ್‌ಗಳು ಅಂದಿನಿಂದ ಬಹಳ ಸುಧಾರಿಸಿವೆ, ಆದರೆ ಜಾಗ ಕೊಟ್ಟು ಸಮಯ ಕೊಳ್ಳುವ ಈ ವ್ಯಾಪಾರ ಹಾಗೇ ಇದೆ. ಕಲೆಕ್ಟರ್ ನಿಧಾನ ಎಂದು ದೂರುವವರಲ್ಲಿ ಅನೇಕರ ಹೀಪ್ ಅಂಚಿನವರೆಗೆ ತುಂಬಿರುತ್ತದೆ.

ಸಿ++ನ ಶೇರ್ಡ್_ಪಾಯಿಂಟರ್ ಕೂಡ ರೆಫರೆನ್ಸ್ ಎಣಿಕೆಯೇ, ಪೈಥಾನ್‌ನ ಸುತ್ತು ಹುಡುಕುವವನು ಅಲ್ಲಿಲ್ಲ. ತಂದೆ ನೋಡ್ ಮಗುವನ್ನು, ಮಗು ತಂದೆಯನ್ನು ಶೇರ್ಡ್ ಆಗಿ ಹಿಡಿದರೆ ಇಬ್ಬರೂ ಶಾಶ್ವತ. ಮಗುವಿನ ಕಡೆಯಿಂದ ವೀಕ್_ಪಾಯಿಂಟರ್ ಇರಲಿ. ಸ್ವಿಫ್ಟ್ ಬರೆಯುವವರು ಕ್ಲೋಶರ್‌ಗಳಲ್ಲಿ ವೀಕ್ ಸೆಲ್ಫ್ ಬರೆಯುವುದೂ ಇದೇ ಕಾರಣಕ್ಕೆ. ಒಡೆಯ ಒಬ್ಬನೇ ಇರುವಲ್ಲಿ ಯುನೀಕ್_ಪಾಯಿಂಟರ್ ಸಾಕು, ಎಣಿಕೆಯ ಖರ್ಚೂ ಇಲ್ಲ. ಸಿ++ಗೆ ಹೋಗುವುದಾದರೆ ಟೆಸ್ಟ್‌ಗಳನ್ನು ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ: ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ, ಎರಡು ಸಲ ಬಿಟ್ಟರೆ, ಸಾಲಿನ ಸಂಖ್ಯೆಯೊಂದಿಗೆ ಅಲ್ಲೇ ಹಿಡಿದುಕೊಡುತ್ತದೆ.

ಪ್ರಶ್ನೆ: ಗೋ ಪ್ರೋಗ್ರಾಮ್ ಏಕೆ ಬೇಕಾದ್ದರ ಎರಡು ಪಟ್ಟು ಮೆಮೊರಿ ತಿನ್ನುತ್ತದೆ?

ಗೋಜಿಸಿ ಎಂಬ ವೇರಿಯಬಲ್‌ನ ಮಾಮೂಲು ಬೆಲೆ 100. ಬದುಕಿರುವುದು 200 ಎಂಬಿ ಇದ್ದರೆ, ಅದರ 100% ಅಂದರೆ ಇನ್ನೂ 200 ಎಂಬಿ ಸೇರುವವರೆಗೆ ಮುಂದಿನ ಸುತ್ತು ಶುರುವಾಗುವುದಿಲ್ಲ. 50ಕ್ಕೆ ಇಳಿಸಿದರೆ 300 ಎಂಬಿಗೆ ಶುರು, ಸಿಪಿಯು ಖರ್ಚು ಹೆಚ್ಚು. ಗೋ 1.19ರಿಂದ ಗೋಮೆಮ್‌ಲಿಮಿಟ್ ಇದೆ. ಕಂಟೇನರ್ ಮಿತಿಗಿಂತ 5ರಿಂದ 10% ಕಡಿಮೆ ಕೊಡಿ. ಅದು ಮೆದು ಮಿತಿ. ಬದುಕಿರುವುದೇ ಮಿತಿಯ ಹತ್ತಿರ ಬಂದರೆ ಕಲೆಕ್ಟರ್ ಬಿಡುವಿಲ್ಲದೆ ಓಡುತ್ತದೆ. ಸಿಪಿಯುವಿನ ಅರ್ಧ ಭಾಗದ ಸುತ್ತ ಅದಕ್ಕೆ ತಡೆ ಇದೆ, ಆಮೇಲೆ ಮೆಮೊರಿ ಮಿತಿ ದಾಟಲು ಬಿಡುತ್ತದೆ.

ಎರಡು ಪಟ್ಟನ್ನೂ ಮೀರಿ ಏರುತ್ತಿದ್ದರೆ ಗೋ ಭಾಷೆಯ ಪ್ರೊಫೈಲರ್ ಪಿಪ್ರಾಫ್‌ನಲ್ಲಿ ಹೀಪ್‌ಗಿಂತ ಮೊದಲು ಗೋರೂಟೀನ್‌ಗಳ (ಗೋದ ಹಗುರ ಥ್ರೆಡ್‌ಗಳ) ಎಣಿಕೆ ನೋಡಿ. ಯಾರೂ ಬರೆಯದ ಚಾನೆಲ್‌ಗಾಗಿ ಕಾಯುತ್ತಾ ನಿಂತ ಗೋರೂಟೀನನ್ನು ಕಲೆಕ್ಟರ್ ತೆಗೆಯುವುದಿಲ್ಲ, ಅದರ ಸ್ಟ್ಯಾಕ್ ಹಿಡಿದದ್ದೆಲ್ಲ ಅದರೊಂದಿಗೇ ಉಳಿಯುತ್ತದೆ. ಹೊರಗೆ ಹೋಗುವ ಪ್ರತಿ ಕರೆಗೂ ಟೈಮ್‌ಔಟ್ ಇರುವ ಕಾಂಟೆಕ್ಸ್ಟ್ ಕೊಡಿ, ಕ್ಯಾನ್ಸಲ್ ಅನ್ನು ಡಿಫರ್‌ನಲ್ಲಿ ಕರೆಯಿರಿ.